ಕಪ್ಪು ಬೂಷ್ಟು

ಆಷಾಢದ ಮಳೆ ಹಿಡಿಯಿತೆಂದರೆ ಭದ್ರಾ ನದಿಯ ದಡದ ಬಾಳೆಹೊನ್ನೂರಿನಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಒಣಗದ ಕಂಬಳಿ, ಮೂಲೆಯ ಚಪ್ಪಲಿ, ಸುಣ್ಣ ಬಳಿದ ಗೋಡೆ, ಮಕ್ಕಳ ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಶಿಲೀಂಧ್ರಗಳ ವರ್ಗಕ್ಕೆ ಸೇರಿದ್ದು. ಕಾಫಿಯ ಎಲೆಗೆ ತುಕ್ಕುರೋಗ ತರುವುದೂ ಒಂದು ಶಿಲೀಂಧ್ರವೇ. ಈ ಊರಿನ ಸಮೀಪದಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ಆ ವೈರಿಯೊಡನೆ ಇಂದಿಗೂ ಹೋರಾಡುತ್ತಿದೆ. ಮಲೆನಾಡಿಗರು ಬೂಷ್ಟನ್ನು ಕಂಡೊಡನೆ ಒರೆಸಿ ಹಾಕುವುದರಲ್ಲಿ ಆಶ್ಚರ್ಯವೇನಿದೆ! ಆದರೆ ಒದ್ದೆಗೋಡೆಯ ಕಪ್ಪು ಕಲೆಗಳಲ್ಲಿ ಎಷ್ಟೋ ವೇಳೆ ಕಂಡುಬರುವ ಕ್ಲಾಡೋಸ್ಪೋರಿಯಂ ಎಂಬ ಕುಲದ ಶಿಲೀಂಧ್ರವು, ಮನುಷ್ಯನು ನಿಲ್ಲಲಾರದ ಒಂದು ತಾಣದಲ್ಲಿಯೂ ನೆಲೆಯೂರಿ ವಿಜ್ಞಾನಿಗಳನ್ನು ಬೆರಗುಗೊಳಿಸಿತು.

ಆ ತಾಣ ಉಕ್ರೇನ್ ದೇಶದ ಚೆರ್ನೋಬಿಲ್. 1986ರ ಏಪ್ರಿಲ್ 26ರಂದು ಅಲ್ಲಿಯ ಪರಮಾಣು ವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕ ಸ್ಫೋಟಗೊಂಡು, ಸುತ್ತಲ ಊರುಗಳು ಬರಿದಾದವು. 1990ರ ದಶಕದಲ್ಲಿ ನೆಲ್ಲಿ ಜ್ದಾನೋವಾ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಆ ಹಾಳು ಕಟ್ಟಡದ ಗೋಡೆಗಳನ್ನು ಪರೀಕ್ಷಿಸಿದಾಗ, ಅಲ್ಲಿ ಶಿಲೀಂಧ್ರಗಳು ಬೆಳೆದಿದ್ದವು. ಅವುಗಳಲ್ಲಿ ಅನೇಕವು ಕಪ್ಪು. ಕಿಟಕಿಯ ಬಳಿಯ ಗಿಡ ಬೆಳಕಿನತ್ತ ಬಾಗುವಂತೆ, ಕೆಲವು ಶಿಲೀಂಧ್ರಗಳ ಎಳೆಗಳು ವಿಕಿರಣ ಬರುವ ಕಡೆಗೇ ಚಾಚಿಕೊಳ್ಳುವುದನ್ನು ಅವರು ಪ್ರಯೋಗಾಲಯದಲ್ಲಿ ಕಂಡರು.

ಕಪ್ಪಿಗೆ ಕಾರಣ ಮೆಲನಿನ್. ನಮ್ಮ ಕೂದಲಿಗೆ ಬಣ್ಣ ಕೊಡುವ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುವ ವರ್ಣದ್ರವ್ಯವೂ ಇದೇ. ನ್ಯೂಯಾರ್ಕಿನಲ್ಲಿ ಎಕಟೆರಿನಾ ದಾದಾಚೋವಾ, ಆರ್ತುರೋ ಕಾಸಾಡೆವಾಲ್ ಮತ್ತು ಸಂಗಡಿಗರು ಮೆಲನಿನ್ ಉಳ್ಳ ಶಿಲೀಂಧ್ರಗಳನ್ನು, ಪರಿಸರದಲ್ಲಿ ಸಹಜವಾಗಿರುವುದಕ್ಕಿಂತ ಸುಮಾರು 500 ಪಟ್ಟು ಹೆಚ್ಚಿನ ವಿಕಿರಣಕ್ಕೆ ಒಡ್ಡಿದರು. ಅವು ಸೊರಗುವ ಬದಲು ಇನ್ನೂ ಬೇಗ ಬೆಳೆದುವೆಂದು 2007ರಲ್ಲಿ ಪ್ರಕಟಿಸಿದರು. ಹಸಿರೆಲೆಯು ಹರಿತ್ತಿನಿಂದ ಬಿಸಿಲನ್ನು ಬಳಸಿಕೊಳ್ಳುವಂತೆ, ಇವು ಮೆಲನಿನ್ನಿನಿಂದ ವಿಕಿರಣವನ್ನು ಬಳಸಿಕೊಳ್ಳುತ್ತಿರಬಹುದೆ? ಹಾಗೆಂಬುದು ಅವರ ಊಹೆ. ‘ವಿಕಿರಣ ತಿನ್ನುವ ಬೂಷ್ಟು’ ಎಂಬ ಮಾತು ಕೇಳಲು ಸೊಗಸಾಗಿದ್ದರೂ ಇನ್ನೂ ರುಜುವಾತಾಗಿಲ್ಲ.

ಪ್ರಯೋಜನದ ಚಿಂತನೆಯಂತೂ ಆಗಲೇ ಆಕಾಶಕ್ಕೇರಿದೆ. ಗಗನಯಾತ್ರಿಗಳನ್ನು ವಿಶ್ವಕಿರಣಗಳಿಂದ ಕಾಪಾಡಲು ದಪ್ಪನೆಯ ಕವಚ ಬೇಕು. ಅಷ್ಟು ಭಾರವನ್ನು ರಾಕೆಟ್ಟಿನಲ್ಲಿ ಒಯ್ಯುವುದು ದುಬಾರಿಯ ಕೆಲಸ. ಚಿಟಿಕೆಯಷ್ಟು ಬೀಜಕಗಳನ್ನು ಒಯ್ದು ಅಲ್ಲಿಯೇ ಕವಚವನ್ನು ಬೆಳೆಸಿಕೊಂಡರೆ? 2018ರ ಕೊನೆಯಿಂದ 2019ರ ಆರಂಭದವರೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಪರೀಕ್ಷೆ ನಡೆಯಿತು. ಒಂದು ತಟ್ಟೆಯ ಅರ್ಧಭಾಗದಲ್ಲಿ ಕ್ಲಾಡೋಸ್ಪೋರಿಯಂ, ಇನ್ನರ್ಧದಲ್ಲಿ ಬರಿಯ ಆಹಾರದ್ರವ್ಯ. ಎರಡು ಮಿಲಿಮೀಟರಿಗಿಂತಲೂ ತೆಳುವಾದ ಬೂಷ್ಟಿನ ಪದರದ ಕೆಳಗೆ ವಿಕಿರಣ ಸುಮಾರು ಶೇಕಡ 2ರಷ್ಟು ಕಡಿಮೆಯಿತ್ತು. ಇದು ಅಲ್ಪವೇ ಸರಿ. ಕವಚವಾಗಬೇಕಾದರೆ ಪದರ ಎಷ್ಟೋ ಪಟ್ಟು ದಪ್ಪವಾಗಬೇಕು.

ಚೆರ್ನೋಬಿಲಿನಂಥ ನೆಲವನ್ನು ಶಿಲೀಂಧ್ರಗಳಿಂದ ಶುದ್ಧಿಗೊಳಿಸಬಹುದೆಂಬ ಆಸೆಯೂ ಇದೆ. ವಿಕಿರಣಶೀಲ ಧಾತುಗಳನ್ನು ಮಣ್ಣಿನಿಂದ ಮೈಗೆ ಹೀರಿಕೊಳ್ಳಬಲ್ಲ ಶಿಲೀಂಧ್ರಗಳು ಉಂಟು. ಆದರೆ ಹೀರಿಕೊಂಡ ಮಾತ್ರಕ್ಕೆ ಧಾತುವಿನ ವಿಕಿರಣ ಆರುವುದಿಲ್ಲ. ಹಾಗೆ ತುಂಬಿಕೊಂಡ ಬೂಷ್ಟನ್ನು ಮತ್ತೆ ಜೋಪಾನವಾಗಿ ಎಲ್ಲಿಯಾದರೂ ಹೂಳಲೇಬೇಕು.