ಶೇ. 26 ಎಂದರೆ ಎಷ್ಟು ಮಂದಿ?

2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಭಾಗ ಅವಧಿಗೆ ಮೊದಲೇ ನಿಂತಿತು. ಮುಟ್ಟು ನಿಂತ 16,608 ಮಹಿಳೆಯರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಹಾರ್ಮೋನ್‌ಗಳು ಕೂಡಿದ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿಗೆ ಬೆದರಿ ಹಲವು ದೇಶಗಳಲ್ಲಿ ಮಹಿಳೆಯರು ಮಾತ್ರೆ ಬಿಟ್ಟರು. ಅದೇ ವರದಿಯಲ್ಲಿದ್ದ ತಲೆಲೆಕ್ಕ ಬೇರೆ: ವರ್ಷಕ್ಕೆ 10,000 ಮಹಿಳೆಯರಲ್ಲಿ ಮಾತ್ರೆ ನುಂಗಿದವರಿಗೆ 38 ಪ್ರಕರಣ, ಹುಸಿಮಾತ್ರೆಯವರಿಗೆ 30. ಹೆಚ್ಚಾದದ್ದು 8. ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿದಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63. ಮೈ ಬಿಸಿಯೇರಿ ಬೆವರುವ ಕಾಟ ಶುರುವಾಗುವುದು ಅದಕ್ಕಿಂತ ಎಷ್ಟೋ ಮೊದಲು.

ಹಾಗೆಂದು 8 ಸೊನ್ನೆಯಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಲೆಕ್ಕ ನೋಡಿ. ಹಾರ್ಮೋನ್ ತೆಗೆದುಕೊಳ್ಳದ 1,000 ಮಹಿಳೆಯರಲ್ಲಿ 50ರಿಂದ 69ರ ವಯಸ್ಸಿನೊಳಗೆ 63 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. 50ಕ್ಕೆ ಶುರುಮಾಡಿ 5 ವರ್ಷ ಬರೀ ಈಸ್ಟ್ರೋಜನ್ ತೆಗೆದುಕೊಂಡರೆ 68. ತಿಂಗಳಲ್ಲಿ ಕೆಲವು ದಿನ ಪ್ರೊಜೆಸ್ಟೋಜನ್ (ಪ್ರೊಜೆಸ್ಟಿನ್, ಪ್ರೊಜೆಸ್ಟರಾನ್‌ಗಳ ಒಟ್ಟು ಹೆಸರು) ಸೇರಿಸಿದರೆ 77, ದಿನವೂ ಸೇರಿಸಿದರೆ 83. ಮತ್ತೆ ಅದನ್ನು ಸೇರಿಸುವುದಾದರೂ ಏಕೆ? ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಅದರ ಒಳಪದರ ದಪ್ಪವಾಗಿ ಅಲ್ಲೇ ಕ್ಯಾನ್ಸರ್ ಆಗುವ ಭಯ.

ಔಷಧ ಒಳಹೋಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ನುಂಗುವ ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಚರ್ಮದ ಮೂಲಕ ಹೋಗುವ ಪ್ಯಾಚ್, ಜೆಲ್‌ಗಳ ಸಾಮಾನ್ಯ ಪ್ರಮಾಣದಲ್ಲಿ ಆ ಏರಿಕೆ ಕಂಡಿಲ್ಲ. ಪ್ಯಾಚನ್ನು ವಾರಕ್ಕೆರಡು ಬಾರಿ ಬದಲಿಸಿದರೆ ನಾಲ್ಕು ವಾರಕ್ಕೆ 8 ಬೇಕು. ಬ್ರಿಟನ್ನಿನಲ್ಲಿ ಸಿಗುವ 80 ಗ್ರಾಂ ಜೆಲ್ ಬಾಟಲಿಯಲ್ಲಿ 64 ಒತ್ತು, ಒಂದು ಒತ್ತಿಗೆ 0.75 ಮಿಲಿಗ್ರಾಂ ಈಸ್ಟ್ರಡೈಯಾಲ್ ಎಂಬ ಈಸ್ಟ್ರೋಜನ್. ದಿನಕ್ಕೆರಡು ಒತ್ತಿದರೆ 32 ದಿನಕ್ಕೆ ಬಾಟಲಿ ಖಾಲಿ. ವೈದ್ಯರು ನಾಲ್ಕಕ್ಕೆ ಏರಿಸಿದರೆ ಹದಿನಾರೇ ದಿನ.

ಇಂಗ್ಲೆಂಡಿನಲ್ಲಿ ಔಷಧ ಚೀಟಿಯ ಒಂದೊಂದು ಬಾಬಿಗೆ 2024ರ ಮೇ ತಿಂಗಳಿಂದ 9.90 ಪೌಂಡ್. ಜೆಲ್ ಒಂದು, ಪ್ರೊಜೆಸ್ಟರಾನ್ ಇನ್ನೊಂದು. ತಿಂಗಳಿಗೊಮ್ಮೆ ಬರೆಸಿದರೆ ವರ್ಷಕ್ಕೆ 237.60 ಪೌಂಡ್. 2023ರ ಏಪ್ರಿಲ್‌ನಲ್ಲಿ ಬಂದ ಹಾರ್ಮೋನ್ ಚಿಕಿತ್ಸೆಯ ಮುಂಗಡ ಪ್ರಮಾಣಪತ್ರ ಕೊಂಡರೆ ಅದೇ ಔಷಧ ವರ್ಷಕ್ಕೆ 19.80ಕ್ಕೆ ಮುಗಿಯುತ್ತದೆ. ಅಲ್ಲಿರುವ ಕನ್ನಡತಿಯರು ಇದನ್ನು ಕೇಳಿ ಪಡೆಯಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಂತೂ ಚೀಟಿಗೆ ಶುಲ್ಕವೇ ಇಲ್ಲ.

ಯೋನಿಯ ಒಣಗುವಿಕೆ, ಉರಿ ಮಾತ್ರವೇ ತೊಂದರೆಯಾದರೆ ಅಲ್ಲಿಗೇ ಇಡುವ 10 ಮೈಕ್ರೋಗ್ರಾಂ ಈಸ್ಟ್ರಡೈಯಾಲ್ ಮಾತ್ರೆ ಸಾಕಾಗಬಹುದು. ಎರಡು ವಾರ ದಿನಾ ಒಂದು, ಆಮೇಲೆ ವಾರಕ್ಕೆರಡು. ಮೊದಲ ವರ್ಷಕ್ಕೆ 114 ಮಾತ್ರೆ, ಒಟ್ಟು 1.14 ಮಿಲಿಗ್ರಾಂ. ಬಾಯಿಂದ ನುಂಗುವ 2 ಮಿಲಿಗ್ರಾಂ ಮಾತ್ರೆ ಒಂದೇ ದಿನದಲ್ಲಿ ಕೊಡುವುದು ಇದಕ್ಕಿಂತ ಹೆಚ್ಚು! ನಾಚಿಕೆಯಿಂದ ಇದನ್ನು ಕೇಳದೇ ಇರುವವರೇ ನಮ್ಮಲ್ಲಿ ಹೆಚ್ಚು.

ಈ ಅಂಕಿಗಳೆಲ್ಲ 50 ದಾಟಿದವರವು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು, ಪಶ್ಚಿಮದಲ್ಲಿ 51. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡ 38ರ ಹೆಣ್ಣುಮಗಳಿಗೆ ಲೆಕ್ಕವೇ ಬೇರೆ: ಬೇರೆ ಅಡ್ಡಿಯಿಲ್ಲದಿದ್ದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದೇ ವೈದ್ಯಕೀಯ ಸಲಹೆ, ಮೂಳೆ ಮತ್ತು ಹೃದಯದ ಸಲುವಾಗಿ. ಅಂಥವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಿಲ್ಲ. ‘ಗರ್ಭಕೋಶ ತೆಗೆಸಿದ್ದೇನೆ’ ಎಂದಷ್ಟೇ ಹೇಳಿದರೆ ಇದು ತಿಳಿಯದು. ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತದೆ. ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಮರೆಯದೆ ಒಯ್ಯಿರಿ.