ಮಾಂಜ್ರಾ ಸೀಮೆಯ ಲೋಳೆಮೀನಿನ ನೆಂಟ

ಉದಗೀರ, ನಿಲಂಗಾ, ಉಮರ್ಗಾ ಕಡೆ ನಿಂತು ಲೋಳೆಮೀನಿನ ಮಾತೆತ್ತಿದರೆ ಯಾರಾದರೂ ನಕ್ಕಾರು. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ಉದಗೀರ, ನಿಲಂಗಾಗಳು ಈಗ ಲಾತೂರ್ ಜಿಲ್ಲೆಯವು. ಉಮರ್ಗಾ ಪಕ್ಕದ ಧಾರಾಶಿವ್ ಜಿಲ್ಲೆಯದು. ಮಾಂಜ್ರಾ, ತೇರಣಾ ಹೊಳೆಗಳ ಈ ಸೀಮೆ ಹೆಸರಾಗಿರುವುದು ನೀರಿನ ಬರಕ್ಕೆ. ಆದರೆ ಮಳೆಗಾಲ ಮುಗಿದ ಮೇಲೆ ಪಾಝರ್ ತಲಾವಿನಂಥ (ನೀರು ಇಂಗಿಸುವ ಕೆರೆಯಂಥ) ನಿಂತ ನೀರಿನಲ್ಲಿ ಜೊಂಡು, ಪಾಚಿ ಬೆಳೆದರೆ, ಲೋಳೆಮೀನಿನ ನೆಂಟನೊಬ್ಬ ಅಲ್ಲಿ ಬೀಡುಬಿಡಬಲ್ಲ. ಅವನ ಹೆಸರು ಹೈಡ್ರಾ. ಕಡಲಿನ ನೆಂಟರು ಇಂದಿಗೂ ಬಿಡದೆ ಉಳಿಸಿಕೊಂಡಿರುವ ಬಾಲ್ಯವೊಂದನ್ನು ಅವನು ಪೂರ್ತಿ ಕೈಬಿಟ್ಟಿದ್ದಾನೆ.

ಆ ಬಾಲ್ಯದ ಹೆಸರು ಪ್ಲಾನ್ಯುಲಾ. ಕಡಲಲ್ಲಿ ತಟ್ಟೆಯಂತೆ ತೇಲುವ ಚಂದ್ರ ಲೋಳೆಮೀನನ್ನೇ ನೋಡೋಣ. ತಾಯಿಯ ಬಾಯ ಸುತ್ತ ಇಳಿಬಿದ್ದ ತೋಳುಗಳ ಮಡಿಕೆಯಲ್ಲಿ ಮೊಟ್ಟೆ ಬಲಿತು ಪ್ಲಾನ್ಯುಲಾ ಆಗುತ್ತದೆ. ಗಸಗಸೆ ಕಾಳಿಗಿಂತಲೂ ಚಿಕ್ಕದು, ಮಿಲಿಮೀಟರಿನ ಕಾಲುಭಾಗದಷ್ಟು. ಎರಡು ಪದರದ ಉದ್ದುರುಟು ಮೈ, ಮೈತುಂಬ ಕಣ್ಣಿಗೆ ಕಾಣದ ಕಿರುಗೂದಲು. ಬಾಯಿ ಇನ್ನೂ ಮೂಡಿರುವುದಿಲ್ಲ. ಮೊಟ್ಟೆಯಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಖರ್ಚಾಗುವುದರೊಳಗೆ ನೆಲೆ ಹುಡುಕಬೇಕು. ಕೂದಲು ಬಡಿಯುತ್ತ, ತನ್ನ ಉದ್ದದ ಸುತ್ತ ತಿರುಗುತ್ತ, ದಪ್ಪ ತುದಿ ಮುಂದೆ ಮಾಡಿ ಅದು ಈಜುತ್ತದೆ. ಹೀಗೆ ಈಜಿ ಬಹುದೂರ ಹೋಗುತ್ತದೆಂದಲ್ಲ. ದೂರ ಒಯ್ಯುವುದು ಕಡಲಿನ ಸೆಳೆತ. ಈಜು ಬೇಕಾಗುವುದು ಕೊನೆಯ ಗಳಿಗೆಯಲ್ಲಿ, ಜಾಗ ಆರಿಸುವುದಕ್ಕೆ. ಕಲ್ಲು, ಚಿಪ್ಪು, ಬಂದರಿನ ತೇಲುಗಟ್ಟೆ ಯಾವುದಾದರೂ ಆದೀತು, ಆದರೆ ಅದರ ತಳಬದಿಯೇ ಹೆಚ್ಚು ಇಷ್ಟ. ಮೇಲ್ಬದಿಯಲ್ಲಿ ಕೂತರೆ ಹೂಳು ಬಿದ್ದು ಮುಚ್ಚಿಹೋಗುವ ಭಯ.

ಜಾಗ ಸಿಕ್ಕಿತೆಂದರೆ ಮುಂತುದಿಯನ್ನೇ ಊರಿ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಹಿಂದಿದ್ದ ತುದಿ ಈಗ ಮೇಲಾಗಿ, ಅಲ್ಲಿ ಬಾಯಿ ತೆರೆದು, ಸುತ್ತ ಎಳೆಗಳು ಮೂಡುತ್ತವೆ. ಇದೇ ಪಾಲಿಪ್. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಇದ್ದು, ಕಾಲ ಕೂಡಿಬಂದಾಗ ಮೈಯನ್ನು ಅಡ್ಡಡ್ಡ ಬಿಲ್ಲೆಗಳಾಗಿ ಸೀಳಿ ಒಂದೊಂದನ್ನೇ ಮರಿ ಲೋಳೆಮೀನಾಗಿ ನೀರಿಗೆ ಬಿಡುತ್ತದೆ. ನಾರ್ವೆಯ ಪಾದ್ರಿ ಮೈಕೆಲ್ ಸಾರ್ಸ್ 1829ರಲ್ಲಿ ಈ ಪಾಲಿಪನ್ನೂ ಬಿಲ್ಲೆಗಳ ಪೇರಿಕೆಯನ್ನೂ ಬೇರೆ ಬೇರೆ ಪ್ರಾಣಿಗಳೆಂದೇ ಬಣ್ಣಿಸಿದ್ದ. ಎಲ್ಲವೂ ಒಂದೇ ಜೀವಿಯ ಅವಸ್ಥೆಗಳೆಂದು ಅವನೇ ತೋರಿಸಿಕೊಡುವ ಹೊತ್ತಿಗೆ ಹತ್ತು ವರ್ಷ ದಾಟಿತ್ತು.

ಸಿಹಿನೀರಿಗೆ ಬಂದರೆ ಲೆಕ್ಕ ತಿರುವುಮುರುವು. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ, ಪುಟ್ಟ ಈಜುಮರಿಯನ್ನು ಸೀದಾ ಕೆಳಕ್ಕೆ ಒಯ್ಯುತ್ತದೆ. ಕೆರೆ ಬೇಸಿಗೆಗೆ ಬತ್ತುತ್ತದೆ. ಹಾಗಾಗಿ ಸಿಹಿನೀರಿನ ಲೋಳೆಮೀನುಗಳು ತೀರಾ ಕಡಿಮೆ. ಅಂಥದೊಂದು ಮಹಾರಾಷ್ಟ್ರದಲ್ಲೇ ಇದೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಶಂಕರ ಪುರುಷೋತ್ತಮ ಅಘಾರ್ಕರ್ ಅದನ್ನು ಪಶ್ಚಿಮಘಟ್ಟದಲ್ಲಿ, ಕೃಷ್ಣೆಯ ಮೇಲಣ ಉಪನದಿಗಳಲ್ಲಿ ಕಂಡರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಅನಂಡೇಲ್ 1911-12ರ ಹೊತ್ತಿಗೆ ಅದಕ್ಕೆ ಲಿಮ್ನೋಕ್ನೈಡಾ ಇಂಡಿಕಾ ಎಂದು ಹೆಸರಿಟ್ಟರು. ಈ ಕುಲ ಅಲ್ಲಿಯವರೆಗೆ ಆಫ್ರಿಕಾದ್ದೆಂದೇ ಗೊತ್ತಿತ್ತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಗೆ ಇರುವುದು ಇದೇ ಅಘಾರ್ಕರರ ಹೆಸರು. ವಿಚಿತ್ರವೆಂದರೆ ಅವರು ಮುಖ್ಯವಾಗಿ ಸಸ್ಯವಿಜ್ಞಾನಿ.

ಕೃಷ್ಣೆಯ ನೀರು ಲಾತೂರಿಗೆ ಹರಿದು ಬರುವುದಿಲ್ಲ, ಮಾಂಜ್ರಾ ಗೋದಾವರಿಯ ಕಡೆಯದು. 2016ರ ಬರದಲ್ಲಿ ಮಾತ್ರ ಮೀರಜ್‌ನಿಂದ ರೈಲಿನಲ್ಲಿ ಬಂತು! ಅದು ಶೋಧಿಸಿದ ನೀರು, ಲೋಳೆಮೀನು ಬಂದಿರುವ ಮಾತೇ ಇಲ್ಲ. ಆದರೆ ಮನುಷ್ಯರ ಸಾಗಾಟದಲ್ಲೇ ಜಗತ್ತು ಸುತ್ತಿದ ಸಿಹಿನೀರಿನ ಲೋಳೆಮೀನೂ ಒಂದಿದೆ: ಚೀನಾ ಮೂಲದ ಕ್ರಾಸ್ಪೆಡಕುಸ್ಟಾ. 1880ರಲ್ಲಿ ಅದು ಪಶ್ಚಿಮದ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನ ತಾವರೆತೊಟ್ಟಿಯಲ್ಲಿ. ನೀರುಗಿಡಗಳಿಗೆ ಅಂಟಿದ, ಒಂದು ಮಿಲಿಮೀಟರಿನಷ್ಟು ಪುಟ್ಟ ಪಾಲಿಪ್ ಆಗಿ ಅದು ಊರೂರಿಗೆ ಹೋಗುತ್ತದೆ. ಒಂದೇ ಪಾಲಿಪಿನ ಸಂತಾನವಾದ್ದರಿಂದ ಎಷ್ಟೋ ಕೆರೆಗಳಲ್ಲಿ ಎಲ್ಲವೂ ಗಂಡು, ಇಲ್ಲವೇ ಎಲ್ಲವೂ ಹೆಣ್ಣು. ಅಂಥ ಕಡೆ ಪ್ಲಾನ್ಯುಲಾ ಹುಟ್ಟುವುದೇ ಇಲ್ಲ, ಆದರೂ ವಂಶ ನಡೆಯುತ್ತದೆ.

ಹೈಡ್ರಾ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಲೋಳೆಮೀನಿನ ಅವಸ್ಥೆಯೂ ಇಲ್ಲ, ಈಜುಮರಿಯೂ ಇಲ್ಲ. ಒಳ್ಳೆಯ ದಿನಗಳಲ್ಲಿ ಮೈಮೇಲೆ ಮೊಗ್ಗು ಬಿಟ್ಟು ಮರಿ ಮಾಡುತ್ತದೆ. ಕೆಟ್ಟ ಕಾಲ ಬಂದರೆ ಮೊಟ್ಟೆ. ಫಲಿತ ಮೊಟ್ಟೆ ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ತಳಕ್ಕೆ ಬೀಳುತ್ತದೆ. ಕಾಲ ಸುಧಾರಿಸಿದಾಗ ಕವಚ ಬಿರಿದು ಎಳೆಗಳ ಸಮೇತ ಪುಟ್ಟ ಹೈಡ್ರಾವೇ ಹೊರಬರುತ್ತದೆ. ಬರದ ನಾಡಿನ ನಿಂತ ನೀರಿಗೆ ಇದಕ್ಕಿಂತ ಒಪ್ಪುವ ಉಪಾಯ ನನಗಂತೂ ಹೊಳೆಯದು.

ನೋಡುವ ಆಸೆಯಿದ್ದರೆ ಗಾಜಿನ ಬರಣಿಯಲ್ಲಿ ಕೆರೆಯ ನೀರು, ಒಂದು ಹಿಡಿ ನೀರುಗಿಡ ಹಾಕಿ ಕಿಟಕಿಯ ಬಳಿ ಅಲುಗಾಡಿಸದೆ ಒಂದೆರಡು ದಿನ ಇಡಿ. ಹೈಡ್ರಾ ಇದ್ದರೆ ಬೆಳಕು ಬೀಳುವ ಗಾಜಿನ ಮೇಲೆ ದಾರದ ತುಂಡಿನಂತೆ ಇಳಿಬಿದ್ದಿರುತ್ತದೆ. ಕಡ್ಡಿ ತಾಗಿಸಿದರೆ ಚುಕ್ಕೆಯಷ್ಟಾಗಿ ಮುದುಡುತ್ತದೆ. ನೀರಿನಲ್ಲಿ ಕುಪ್ಪಳಿಸುವ ನೀರುಚಿಗಟವೊಂದು ಎಳೆಗೆ ತಗುಲಿದರೆ ಅಲ್ಲೇ ಸ್ತಬ್ಧ: ಕಡಲಿನ ನೆಂಟರ ಕುಟುಕುಕೋಶ ಇವನಲ್ಲೂ ಇದೆ. ನೀರು ಕಡಿಮೆಯಾದರೆ ಅದೇ ಕೆರೆಯ ನೀರನ್ನೇ ಹಾಕಿ. ತಾಮ್ರದ ಕೊಡದ ನೀರು ಬೇಡ, ತಾಮ್ರ ಅದಕ್ಕೆ ವಿಷ.