ಪಾದರಸದೊಳಗೆ ಅಡಗಿ ಕೂತ ಸೋಡಿಯಂ

ಉಪ್ಪು, ನೀರು, ಕರೆಂಟು. ಇಷ್ಟೇ ಸಾಮಗ್ರಿ! ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಒಂದು ತುದಿಯಲ್ಲಿ ಕ್ಲೋರಿನ್ ಗುಳ್ಳೆ ಏಳುತ್ತದೆ, ಇನ್ನೊಂದರಲ್ಲಿ ಜಲಜನಕ. ಜಲಜನಕ ಏಳುವ ಕಡೆ ನೀರಿನಲ್ಲಿ ಕಾಸ್ಟಿಕ್ ಸೋಡಾ ಕೂಡಿಕೊಳ್ಳುತ್ತದೆ. ಸಾಬೂನು, ಕಾಗದ, ಬಟ್ಟೆ, ಬಾಕ್ಸೈಟಿನಿಂದ ತೆಗೆಯುವ ಅಲ್ಯೂಮಿನಾ, ಎಲ್ಲಕ್ಕೂ ಅದು ಬೇಕು.

ಆದರೆ ಪೇಚು ನೋಡಿ. ಹುಟ್ಟಿದ ಮರುಕ್ಷಣವೇ ಇವು ಒಂದರ ಮೇಲೊಂದು ಬೀಳಲು ಕಾಯುತ್ತಿರುತ್ತವೆ. ಕ್ಲೋರಿನ್ ಕಾಸ್ಟಿಕ್ಕಿಗೆ ಬೆರೆತರೆ ಬ್ಲೀಚ್ ಆಗಿಬಿಡುತ್ತದೆ. ಜಲಜನಕದ ಜೊತೆ ಸೇರಿ ಕಿಡಿ ತಾಗಿದರೆ ಸ್ಫೋಟ. ಒಡೆಯುವುದು ಸುಲಭ, ಒಡೆದದ್ದನ್ನು ದೂರ ಇಡುವುದೇ ವಿದ್ಯೆ.

ಆ ವಿದ್ಯೆ ಒಲಿದದ್ದು ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಹ್ಯಾಮಿಲ್ಟನ್ ಕಾಸ್ಟ್ನರ್‌ಗೆ. ಇಂಗ್ಲೆಂಡಿನ ಓಲ್ಡ್‌ಬರಿಯಲ್ಲಿ ಅವನು ಸೋಡಿಯಂ ಬಳಸಿ ಅಲ್ಯೂಮಿನಿಯಂ ತಯಾರಿಸುತ್ತಿದ್ದ. ಹಾಲ್ ಮತ್ತು ಹೆರೂ 1886ರಲ್ಲಿ ಕಂಡುಹಿಡಿದ ವಿದ್ಯುತ್ ವಿಧಾನದ ಮುಂದೆ ಆ ವ್ಯಾಪಾರ ನಿಲ್ಲಲಿಲ್ಲ. ಅವನು ಚಿನ್ನದ ಗಣಿಗಳಿಗೆ ಬೇಕಾದ ಸಯನೈಡಿನತ್ತ ಹೊರಳಿದ. (ಕೆಜಿಎಫ್‌ನ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಚಿನ್ನ-ಸಯನೈಡಿನ ನಂಟು ಬಿಡಿಸಿ ಹೇಳಬೇಕಿಲ್ಲ.) ಸಯನೈಡಿಗೆ ಸೋಡಿಯಂ ಬೇಕು, ಸೋಡಿಯಂಗೆ ಅಪ್ಪಟ ಶುದ್ಧ ಕಾಸ್ಟಿಕ್ ಬೇಕು. ಅದನ್ನು ತಾನೇ ಮಾಡಲು ಹೊರಟ.

ಉಪ್ಪುನೀರನ್ನು ಒಡೆಯಲು 1892ರಲ್ಲಿ ಹೊರಬಂದ ಅವನ ಕೋಶವನ್ನು ಹತ್ತಿರದಿಂದ ನೋಡೋಣ. ಆಳವಿಲ್ಲದ ಪೆಟ್ಟಿಗೆ, ಒಳಗೆ ಮೂರು ಅಂಕಣ, ತಳದಲ್ಲಿ ಪಾದರಸ. ಅಡ್ಡಗೋಡೆಗಳ ಅಂಚು ಪಾದರಸದಲ್ಲಿ ಅದ್ದಿದೆ, ತಳದವರೆಗೆ ಮುಚ್ಚಿಲ್ಲ. ಅಂದರೆ ಪಾದರಸ ಅತ್ತಿತ್ತ ಹರಿಯಬಹುದು, ನೀರು ದಾಟಲಾರದು! ಆಚೀಚಿನ ಅಂಕಣಗಳಲ್ಲಿ ಉಪ್ಪುನೀರು, ನಡುವೆ ಬರೀ ನೀರು. ವಿದ್ಯುತ್ ಹರಿದಾಗ ಕ್ಲೋರಿನ್ ಮೇಲೇರುತ್ತದೆ, ಸೋಡಿಯಂ ಪಾದರಸದಲ್ಲಿ ಕರಗುತ್ತದೆ. ನೀರು ತಾಗಿದರೆ ಸಿಡಿದೇಳುವ ಸೋಡಿಯಂ ಉಪ್ಪುನೀರಿನ ಅಡಿಯಲ್ಲೇ ತೆಪ್ಪಗೆ ಕೂತಿದೆ! ಈಗ ಚಕ್ರವೊಂದು ಪೆಟ್ಟಿಗೆಯ ತುದಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ. ಪೆಟ್ಟಿಗೆ ತೊಟ್ಟಿಲಿನಂತೆ ತೂಗಿದಾಗ ಪಾದರಸ ನಡುವಣ ಅಂಕಣಕ್ಕೆ ಸರಿಯುತ್ತದೆ. ಹೊತ್ತು ತಂದ ಸೋಡಿಯಂ ಅಲ್ಲಿ ನೀರಿಗೆ ಸೇರಿ ಕಾಸ್ಟಿಕ್ ಆಗುತ್ತದೆ, ಜಲಜನಕ ಅಲ್ಲೇ ಹೊರಬೀಳುತ್ತದೆ. ಕ್ಲೋರಿನ್ನಿಗೂ ಕಾಸ್ಟಿಕ್ಕಿಗೂ ಮುಖಾಮುಖಿಯೇ ಇಲ್ಲ. ಇಷ್ಟು ಚೆಂದದ ಯಂತ್ರ ರಸಾಯನೋದ್ಯಮದಲ್ಲಿ ಇನ್ನೊಂದಿಲ್ಲ ಎಂದೇ ನನಗನ್ನಿಸುತ್ತದೆ.

ಆಸ್ಟ್ರಿಯಾದ ಕಾರ್ಲ್ ಕೆಲ್ನರ್ ಕೂಡ ಅದೇ ಹೊತ್ತಿಗೆ ಪಾದರಸದ ದಾರಿ ಹಿಡಿದಿದ್ದ. 1895ರಲ್ಲಿ ಇಬ್ಬರ ಹೆಸರಿನಲ್ಲೂ ಕಂಪನಿ ಎದ್ದಿತು, ರನ್‌ಕಾರ್ನ್‌ನಲ್ಲಿ ಕಾರ್ಖಾನೆ ಬಂತು. ನಯಾಗರಾದ ಜಲವಿದ್ಯುತ್ತಿನಲ್ಲೂ ಈ ಪೆಟ್ಟಿಗೆಗಳು ತೂಗಿದವು. ಕಾಸ್ಟ್ನರ್ ಮಾತ್ರ 1899ರಲ್ಲೇ ತೀರಿಕೊಂಡ.

ಪಾದರಸ ಘೋರ ವಿಷ. ಮಿನಮಾಟದಲ್ಲಿ ಜನರಿಗೆ ಪಾದರಸದ ವಿಷವೇರಿದ ದುರಂತಕ್ಕೆ ಕಾರಣವಾದದ್ದು ಬೇರೆ ಬಗೆಯ ಕಾರ್ಖಾನೆಯಾದರೂ, ಅದರ ನೋವುಂಡ ಜಪಾನ್ ಈ ಕೋಶಗಳನ್ನೂ ಕೈಬಿಟ್ಟಿತು. ಅಲ್ಲಿಯ ನೊಬೆಯೋಕಾದಲ್ಲಿ 1975ರಲ್ಲಿ ಹೊಸ ಬಗೆಯ ಕಾರ್ಖಾನೆ ಶುರುವಾಯಿತು. ಪಾದರಸದ ಜಾಗದಲ್ಲಿ ಮಿಲಿಮೀಟರಿಗಿಂತ ತೆಳುವಾದ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಪೊರೆ! ಅದರೊಳಗೆ ಋಣ ವಿದ್ಯುದಂಶ ನೆಲೆಯೂರಿದೆ. ಧನ ವಿದ್ಯುದಂಶದ ಸೋಡಿಯಂಗೆ ದಾರಿ ಬಿಡುತ್ತದೆ, ಋಣದ ಕ್ಲೋರೈಡನ್ನು ಬಹುಪಾಲು ಅಲ್ಲೇ ತಡೆಯುತ್ತದೆ. ಉಪ್ಪುನೀರಿನಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಉಳಿದರೂ ಪೊರೆ ಕೆಡುವುದರಿಂದ ಮೊದಲು ಅದನ್ನು ಜತನದಿಂದ ಸೋಸುತ್ತಾರೆ.

ಪ್ರತಿ ಟನ್ ಕಾಸ್ಟಿಕ್ ಸೋಡಾದ ಜೊತೆಗೇ ಸುಮಾರು 886 ಕಿಲೊ ಕ್ಲೋರಿನ್, 25 ಕಿಲೊ ಜಲಜನಕ ಹುಟ್ಟುತ್ತವೆ. ಕುಡಿಯುವ ನೀರು ಶುದ್ಧವಾಗುವುದೂ ಪಿವಿಸಿ ಪೈಪು ತಯಾರಾಗುವುದೂ ಆ ಕ್ಲೋರಿನ್ನಿನಿಂದಲೇ.